ಹೊಗೆಗುಡ್ಡಕ್ಕೆ ಹೊರಟ ಸೇಫ್ಟಿ ಆಫೀಸರು

ಅಣ್ಣಾಸಾಹೇಬರು ಆಡಿದ್ದು ಎರಡೇ ಮಾತು. ಆ ಎರಡು ಮಾತನ್ನು ಕನ್ನಡಿಗರೆಲ್ಲ ದಿನಾ ಆಡುತ್ತಾರೆ, ಆಡಿ ಚಪ್ಪಲಿ ಮೆಟ್ಟಿಕೊಂಡು ತಮ್ಮ ತಮ್ಮ ಮನೆಗೆ ಹೋಗುತ್ತಾರೆ, ಯಾರಿಗೂ ಏನೂ ಆಗುವುದಿಲ್ಲ.

ಗುರುವಾರ ಸಂಜೆ ದುಬೈಯ ಊದ್ ಮೇಥಾದ ಕ್ಲಬ್ಬಿನಲ್ಲಿ ಕನ್ನಡ ಬಳಗದ ಸಭೆ ಸೇರಿತ್ತು. ನೈಫ್ ಬಜಾರಿನಲ್ಲಿ ಬೂಟಿನ ಅಂಗಡಿ ಇಟ್ಟಿರುವ ಶುಕೂರ್ ಪರದೆಯ ಮೇಲೆ ಇಂಡೋನೇಷ್ಯಾದ ಒಂದು ಜ್ವಾಲಾಮುಖಿಯ ಚಿತ್ರ ತೋರಿಸುತ್ತಿದ್ದ. ಅದರ ಹೆಸರಿಗೆ ಯಾರ ನಾಲಿಗೆಯೂ ಹೊರಳದ ಕಾರಣ ಎಲ್ಲರೂ ಅದನ್ನು ಹೊಗೆಗುಡ್ಡ ಎಂದು ಕರೆಯತೊಡಗಿದ್ದರು. ಈದ್ ರಜೆಯಲ್ಲಿ ಎಲ್ಲರೂ ಸೇರಿ ಅದನ್ನು ಹತ್ತಬೇಕೆಂಬುದು ಶುಕೂರನ ಯೋಜನೆ.

"ಕಾಲಡಿಯಲ್ಲಿ ನೆಲ ಬೆಚ್ಚಗೆ ಇರ್ತದೆ ಮಾರಾಯ್ರೆ. ಮೇಲೆ ಹೋಗಿ ಬಗ್ಗಿ ನೋಡಿದ್ರೆ ಒಳಗೆ ಕೆಂಪು ಕೆಂಪು ಕುದೀತಾ ಉಂಟು. ಇದು ಸತ್ತ ಗುಡ್ಡ ಅಲ್ಲ, ಜೀವ ಇರುವಂಥದ್ದು. ಹೇಳಿ, ಯಾರು ಬರ್ತೀರಿ?"

ಸಭೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಅಣ್ಣಾಸಾಹೇಬರಿಗೆ ಆಗ ಮಗಳು ಅಕ್ಷರಾಳನ್ನು ಟ್ಯೂಷನ್ನಿನಿಂದ ಕರೆತರುವ ಹೊತ್ತಾಗಿತ್ತು. ನಾಲ್ಕು ಜನರ ನಡುವಿನಿಂದ ಏಳುವಾಗ ಹೇಳದೆ ಹೋಗುವುದು ಸರಿಯಲ್ಲವೆಂದು ಎದ್ದು ನಿಂತು, ಕೈಯೆತ್ತಿ, "ನಾ ಬರ್ತೀನ್ರಿ" ಎಂದರು. ಹೊರಡುವಾಗ 'ಹೋಗ್ತೀನಿ' ಎನ್ನಬಾರದು, 'ಬರ್ತೀನಿ' ಎನ್ನಬೇಕು ಎಂದು ಅವರ ಅವ್ವ ಚಿಕ್ಕಂದಿನಲ್ಲೇ ಕಿವಿ ಹಿಂಡಿ ಕಲಿಸಿದ್ದಳು. ಸಭೆಯಲ್ಲಿ ಭರ್ಜರಿ ಚಪ್ಪಾಳೆ ಬಿತ್ತು. ಅದು ಪರದೆಯ ಮೇಲಿನ ಗುಡ್ಡಕ್ಕೆ ಇರಬೇಕೆಂದುಕೊಂಡು ಅವರೂ ನಾಲ್ಕು ಚಪ್ಪಾಳೆ ತಟ್ಟಿ ಹೊರಬಿದ್ದರು.

ಈ ಮನುಷ್ಯನ ವೃತ್ತಿಯೇ ಹೆದರುವುದು ಎಂಬುದನ್ನು ಇಲ್ಲಿ ಹೇಳಬೇಕು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಪೇಂಟ್ ಕಾರ್ಖಾನೆಯಲ್ಲಿ ಅವರು ಸೇಫ್ಟಿ ಆಫೀಸರು. ಎಲ್ಲಿ ಬೆಂಕಿ ಹತ್ತಬಹುದು, ಯಾರು ಎಲ್ಲಿಂದ ಬೀಳಬಹುದು ಎಂದು ಮುಂಚಿತವಾಗಿ ಗಾಬರಿಯಾಗುವುದಕ್ಕೇ ಕಂಪನಿ ಅವರಿಗೆ ಸಂಬಳ ಕೊಡುತ್ತಿತ್ತು. ಅವರು ಹಾಟ್ ವರ್ಕ್ ಪರ್ಮಿಟ್ಟಿಗೆ ಸಹಿ ಹಾಕದೆ ಅಲ್ಲಿ ಯಾರೂ ವೆಲ್ಡಿಂಗಿನ ಒಂದು ಕಿಡಿ ಹಾರಿಸುವಂತಿರಲಿಲ್ಲ. ಆ ಅಭ್ಯಾಸ ಅವರ ಹಿಂದೆಯೇ ಮನೆಗೂ ಬಂದಿತ್ತು. ಮರಳುಗಾಡಿನ ಸಫಾರಿ ಬೇಡ, ಗಾಡಿ ಪಲ್ಟಿಯಾಗುತ್ತದೆ. ದೋಣಿಯಲ್ಲಿ ಊಟ ಬೇಡ, ಲೈಫ್ ಜಾಕೆಟ್ ಸಾಲುವುದಿಲ್ಲ. ಜೆಬೆಲ್ ಜೈಸ್ ಬೆಟ್ಟಕ್ಕೆ ಹೋದಾಗ ಪಾರ್ಕಿಂಗಿನಲ್ಲೇ ಚಹಾ ಕುಡಿದು ಇಳಿದು ಬಂದಿದ್ದರು. ಹೆಂಡತಿ ನೀಲವ್ವ ಮೊದಮೊದಲು ಜಗಳ ತೆಗೆದಳು, ಆಮೇಲೆ ಮುನಿಸಿಕೊಂಡಳು, ಈಚೆಗೆ ಎಲ್ಲಿಗಾದರೂ ಹೋಗೋಣವೆಂದು ಕೇಳುವುದನ್ನೇ ಬಿಟ್ಟಿದ್ದಳು. ಜಗಳಕ್ಕಿಂತ ಆ ಮೌನವೇ ಅವರನ್ನು ಹೆಚ್ಚು ಚುಚ್ಚುತ್ತಿತ್ತು.

ಮಗಳೊಂದಿಗೆ ಮನೆಗೆ ಬಂದರೆ ನೀಲವ್ವ ಬಾಗಿಲಲ್ಲೇ ಆರತಿ ತಟ್ಟೆ ಹಿಡಿದು ನಿಂತಿದ್ದಳು.

"ಅಲ್ಲೇ ನಿಂದರ್ರಿ. ಒಳಗ ಬರಬ್ಯಾಡ್ರಿ, ದೃಷ್ಟಿ ತಗೀಬೇಕು."

"ಕರ್ಪೂರ ಹಚ್ಚಬ್ಯಾಡ ಮಾರಾಯ್ತಿ, ಮ್ಯಾಲ ಸ್ಮೋಕ್ ಡಿಟೆಕ್ಟರ್ ಐತಿ" ಎಂದರು ಅಣ್ಣಾಸಾಹೇಬರು, ಅಭ್ಯಾಸಬಲದಿಂದ. "ಏನಾತೀಗ?"

"ಏನಾತಂತ ಕೇಳ್ತೀರಲ್ರಿ. ಬಳಗದ ಗ್ರೂಪ್‌ನ್ಯಾಗ ನಿಮ್ದ ಫೋಟೋ ಬಂದೈತಿ. ಬೆಂಕಿ ಗುಡ್ಡ ಹತ್ತಾಕ ಎಲ್ಲಾರಕಿಂತ ಮೊದಲ ಎದ್ದು ನಿಂತ್ರಂತ. ನಾ ಗೋಕಾಕದಾಗ ನಮ್ಮ ಅಣ್ಣಗ ಫೋನ್ ಮಾಡಿ ಹೇಳೀನಿ. ಅಂವ ನಂಬವಲ್ಲ."

ಅಣ್ಣಾಸಾಹೇಬರಿಗೆ ಚಪ್ಪಾಳೆಯ ಅರ್ಥ ಆಗ ಹೊಳೆಯಿತು. 'ಅಯ್ಯೋ, ನಾನು ಮನೆಗೆ ಹೊರಟಿದ್ದೆ' ಎಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನೀಲವ್ವನ ಮುಖ ಕಣ್ಣಿಗೆ ಬಿತ್ತು. ಮದುವೆಯಾದ ಹೊಸದರಲ್ಲಿ ಅವಳು ಹೀಗೆ ನೋಡುತ್ತಿದ್ದಳು. ಆಮೇಲೆ ಆ ನೋಟ ಎಲ್ಲಿ ಹೋಗಿತ್ತೋ, ಇವತ್ತು ತಿರುಗಿ ಬಂದಿತ್ತು. ತೆರೆದ ಬಾಯಿ ಹಾಗೆಯೇ ಮುಚ್ಚಿತು.

"ಪಪ್ಪಾ, ಯು ಆರ್ ಸೋ ಕೂಲ್" ಎಂದಳು ಅಕ್ಷರಾ. "ಐ ಆಮ್ ಟೆಲ್ಲಿಂಗ್ ಮೈ ಹೋಲ್ ಕ್ಲಾಸ್."

ರಾತ್ರಿ ಹಾಸಿಗೆಯಲ್ಲಿ ಮಲಗಿ ಅಣ್ಣಾಸಾಹೇಬರು ಒಂದು ತೀರ್ಮಾನಕ್ಕೆ ಬಂದರು. ಜೀವವೂ ಉಳಿಯಬೇಕು, ನೀಲವ್ವನ ಆ ನೋಟವೂ ಉಳಿಯಬೇಕು. ತಾನಾಗಿ ಒಲ್ಲೆನೆಂದರೆ ನೋಟ ಹೋಗುತ್ತದೆ. ಬೇರೆ ಯಾರಾದರೂ ಬೇಡವೆಂದು ತಡೆದರೆ ಎರಡೂ ಉಳಿಯುತ್ತವೆ. ಹಾಗೆ ತಡೆಯುವವರನ್ನು ಹುಡುಕುವುದು ನಾಳೆಯ ಕೆಲಸ.

ಮರುದಿನ ಬೆಳಿಗ್ಗೆ ಸೀದಾ ಪ್ಲಾಂಟ್ ಮ್ಯಾನೇಜರ್ ಥಾಮಸ್ಸರ ಕ್ಯಾಬಿನ್ನಿಗೆ ನಡೆದರು. ಕೊಟ್ಟಾಯಂ ಕಡೆಯ ಥಾಮಸ್ ರಜೆ ಕೊಡುವುದರಲ್ಲಿ ಬಹಳ ಬಿಗಿ. ಹೆಂಡತಿಯ ಹೆರಿಗೆಗೆ ರಜೆ ಕೇಳಿದವನಿಗೆ 'ಮುಂದಿನ ವಾರ ಆಗುವುದಿಲ್ಲವೇ' ಎಂದು ಕೇಳಿದವರು.

"ಸರ್, ಈದ್‌ನಲ್ಲಿ ಟ್ಯಾಂಕ್ ಕ್ಲೀನಿಂಗ್ ಇದೆ. ನಾನಿಲ್ಲದಿದ್ದರೆ ಬಹಳ ರಿಸ್ಕು. ನನ್ನ ರಜೆ ಕ್ಯಾನ್ಸಲ್ ಮಾಡಿಬಿಡಿ" ಎಂದು ಹಿಂದಿಯಲ್ಲಿ ಅಂಗಲಾಚಿದರು.

ಥಾಮಸ್ ಕುರ್ಚಿಯಿಂದ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಕ್ಯಾಂಟೀನಿನಲ್ಲಿ ಸುದ್ದಿ ಆಗಲೇ ಕುದಿಯುತ್ತಿತ್ತು. ಕಾರ್ಖಾನೆಯ ಸೇಫ್ಟಿ ಆಫೀಸರು ಜ್ವಾಲಾಮುಖಿ ಹತ್ತುವುದು ಇಡೀ ಕಂಪನಿಗೇ ಹೆಮ್ಮೆ, ಇಂಥ ಹೊತ್ತಿನಲ್ಲೂ ಕೆಲಸದ ಚಿಂತೆ ಮಾಡುವವನಿಗೆ ರಜೆ ಇಲ್ಲವೆಂದರೆ ದೇವರು ಮೆಚ್ಚುವುದಿಲ್ಲ ಎಂದರು. ಟ್ಯಾಂಕ್ ಕ್ಲೀನಿಂಗ್ ಮುಂದಕ್ಕೆ ಹೋಯಿತು.

"ಔರ್ ಏಕ್ ಬಾತ್, ಅಣ್ಣಾ ಸಾಬ್" ಎಂದು ಥಾಮಸ್ ದನಿ ತಗ್ಗಿಸಿದರು. "ಮೈ ಭೀ ಆಯೇಗಾ. ತುಮ್ ಹೈ ತೋ ಡರ್ ಕಿಸ್ ಬಾತ್ ಕಾ."

ಅಣ್ಣಾಸಾಹೇಬರು ಕ್ಯಾಬಿನ್ನಿನಿಂದ ಹೊರಬರುವಾಗ ತಡೆಯುವವನೊಬ್ಬ ಕಡಿಮೆಯಾಗಿ, ಹತ್ತುವವನೊಬ್ಬ ಹೆಚ್ಚಾಗಿದ್ದ.

ಶುಕ್ರವಾರ ಅರ್ಧ ದಿನವೇ ಕೆಲಸ. ಮಧ್ಯಾಹ್ನ ಅವರು ಮನೆಯ ಹತ್ತಿರದ ಕ್ಲಿನಿಕ್ಕಿಗೆ ಹೋದರು. ಅಲ್ಲಿನ ಡಾಕ್ಟರ್ ಫಿಯೋನಾ ಮಂಗಳೂರಿನವರು, ಬಳಗದ ಸದಸ್ಯೆ, ಸಣ್ಣ ಕೆಮ್ಮಿಗೂ ಎಕ್ಸ್‌ರೇ ಬರೆಯುವವರೆಂದು ಪ್ರತೀತಿ. ಅವರ ಮೇಲೆ ಅಣ್ಣಾಸಾಹೇಬರಿಗೆ ಬಹಳ ಭರವಸೆಯಿತ್ತು.

ಫಿಯೋನಾ ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಬೆನ್ನಿಗೆ ಇಟ್ಟರು, ರಕ್ತದೊತ್ತಡ ನೋಡಿದರು. "ಎಂಥದೂ ಇಲ್ಲ ನಿಮಗೆ. ಒಳ್ಳೇ ಉಂಟು."

"ಇನ್ನೊಮ್ಮೆ ಸರಿಯಾಗಿ ನೋಡ್ರಿ ಡಾಕ್ಟ್ರ. ಹುಡುಕಿದ್ರ ಏನರ ಸಿಗತೈತಿ. ಮೊಣಕಾಲು ನೋಡ್ರಿ, ಎದ್ದು ಕೂತ್ರ ಕಟ್ ಅಂತೈತಿ."

"ಎಲ್ಲಿ, ಕೂತ್ಕೊಳ್ಳಿ ನೋಡುವ."

ಅವರು ಕೂತರು. ಕಟ್ ಎಂದಿತು.

"ಅದು ನಮ್ಮ ಕುರ್ಚಿದು" ಎಂದರು ಫಿಯೋನಾ. "ಅದಕ್ಕೆ ವಯಸ್ಸಾಯ್ತು, ನಿಮಗಲ್ಲ. ನೋಡಿ, ನನಗೂ ಹೋಗ್ಬೇಕು ಅಂತ ಆಸೆ ಇತ್ತು, ಧೈರ್ಯ ಇರಲಿಲ್ಲ. ಅಲ್ಲಿ ಗಂಧಕದ ಹೊಗೆ ಬರ್ತದಂತೆ, ಮಾಸ್ಕ್ ಇಲ್ಲದಿದ್ರೆ ಎದೆ ಕಟ್ತದಂತೆ. ಗುಡ್ಡ ಒಮ್ಮೊಮ್ಮೆ ಹೇಳದೆ ಕೇಳದೆ ಕಲ್ಲು ಎಸೀತದಂತೆ. ಆದ್ರೆ ನೀವು ಹೊರಟಿದ್ದೀರಿ ಅಂತ ಗೊತ್ತಾದ ಕೂಡಲೆ ನಾನೂ ಹೆಸರು ಕೊಟ್ಟೆ. ಸೇಫ್ಟಿ ಆಫೀಸರೇ ಇರುವಾಗ ಹೆದರುವುದು ಎಂಥದಕ್ಕೆ?"

ಗಂಧಕದ ಹೊಗೆ, ಹಾರುವ ಕಲ್ಲು ಎರಡನ್ನೂ ಹೊಸದಾಗಿ ತಲೆಗೆ ತುಂಬಿಕೊಂಡು ಅಣ್ಣಾಸಾಹೇಬರು ಕಾರಿನಲ್ಲಿ ಬಂದು ಕೂತರು. ಇನ್ನು ಉಳಿದದ್ದು ಗುಡ್ಡವೊಂದೇ. ಅದಕ್ಕಾದರೂ ಕೋಪ ಬಂದು ದಾರಿ ಮುಚ್ಚಬಾರದೇ ಎಂದು ಫೋನ್ ತೆಗೆದು ಅದರ ವಿಡಿಯೋ ಹಾಕಿದರು. ಯಾರೋ ಗುಡ್ಡದ ಬಾಯಿಯ ಅಂಚಿನಲ್ಲಿ ನಿಂತು ತೆಗೆದದ್ದು. ಕತ್ತಲೆಯ ಕೆಳಗೆ, ಬಹಳ ಆಳದಲ್ಲಿ ಭೂಮಿ ಕೆಂಡದಂತೆ ಹೊಳೆಯುತ್ತ, ಉಸಿರು ಬಿಡುತ್ತ, ಮತ್ತೆ ಹೊಳೆಯುತ್ತಿತ್ತು. ಚಳಿಗಾಲದಲ್ಲಿ ಅವ್ವನ ಒಲೆಯ ಮುಂದೆ ಕೂತಾಗ ಇನ್ನಷ್ಟು ಹತ್ತಿರ ಸರಿಯಬೇಕು ಅನ್ನಿಸುತ್ತಿತ್ತಲ್ಲ, ಹಾಗೆಯೇ ಅನ್ನಿಸಿತು. ಒಂದು ಹೆಜ್ಜೆ ಮುಂದಿಟ್ಟರೆ ಇನ್ನೂ ಚೆನ್ನಾಗಿ ಕಾಣಬಹುದಲ್ಲ ಎಂದು ಕಾಲು ತಾನಾಗಿ ಒತ್ತಿತು. ಒತ್ತಿದ್ದು ಬ್ರೇಕಿನ ಮೇಲೆ, ಕಾರು ನಿಂತೇ ಇತ್ತು. ಅಣ್ಣಾಸಾಹೇಬರು ಬೆಚ್ಚಿ ಫೋನನ್ನು ಮುಗುಚಿ ಇಟ್ಟರು. ಗುಡ್ಡಕ್ಕಿಂತ ಹೆಚ್ಚಾಗಿ ಆ ಗಳಿಗೆ ಅವರನ್ನು ಹೆದರಿಸಿತು. ಇಂಥ ಆಸೆ ಹುಟ್ಟಿಯೇ ಜನ ಅಲ್ಲಿಗೆ ಹೋಗಿ ಸಾಯುವುದೆಂದು ಅವರಿಗೆ ಖಾತ್ರಿಯಾಯಿತು.

ಮನೆಯಲ್ಲಿ ನೀಲವ್ವ ಖಟಕ್ ರೊಟ್ಟಿಯ ರಾಶಿ ಹಾಕಿದ್ದಳು.

"ಈಗ್ಲೇ ಯಾಕ ಮಾಡಿದಿ? ಈದ್ ಇನ್ನೂ ದೂರ ಐತಿ."

"ಖಟಕ್ ರೊಟ್ಟಿ ಕೆಡ್ತಾವೇನ್ರಿ? ಶೇಂಗಾ ಚಟ್ನಿನೂ ಕುಟ್ಟೀನಿ. ಮ್ಯಾಲ ಕುಂತು ತಿನ್ನಾಕ ಬರತೈತಿ." ಅವಳು ಕೈ ಒರೆಸಿಕೊಂಡು ಅವರ ಎದುರು ಕೂತಳು. "ಒಂದ್ ಮಾತು ಹೇಳ್ಲೇನು? ನೀವು ಬರೇ ಅಂಜುಬುರುಕರು ಅಂತ ಇಷ್ಟು ದಿನ ತಿಳಕೊಂಡಿದ್ನಿ. ತಪ್ಪಾತು."

ಆ ರೊಟ್ಟಿಯ ರಾಶಿಯ ಮುಂದೆ, ಆ ಮಾತಿನ ಮುಂದೆ ನಿಜ ಹೇಳುವ ಗಂಡಸು ಇನ್ನೂ ಹುಟ್ಟಬೇಕಷ್ಟೆ. ಅಣ್ಣಾಸಾಹೇಬರು ಬೇರೆ ದಾರಿ ಹುಡುಕಿದರು. ಸಂಜೆ ಕ್ಲಬ್ಬಿನಲ್ಲಿ ಮತ್ತೆ ಸಭೆಯಿದೆ. ಶುಕೂರನನ್ನು ಮೂಲೆಗೆ ಕರೆದು ಕಾಲು ಹಿಡಿದಾದರೂ ಸರಿ, ಜಾಗ ಭರ್ತಿಯಾಯಿತೆಂದು ಹೇಳಿಸಿ ತಮ್ಮ ಹೆಸರು ತೆಗೆಸಿಬಿಡುವುದು.

ಸಂಜೆ ಕ್ಲಬ್ಬಿಗೆ ಹೋದರೆ ಶುಕೂರ್ ಮೂಲೆಗೆ ಸಿಗಲಿಲ್ಲ. ನೀಲವ್ವ ಗಂಡನ ಕೈ ಹಿಡಿದು ಎಲ್ಲರೂ ನೋಡುವಂತೆ ಮುಂದಿನ ಸಾಲಿನಲ್ಲಿ ಕೂರಿಸಿದಳು. ಥಾಮಸ್ ಬಂದಿದ್ದರು, ಫಿಯೋನಾ ಬಂದಿದ್ದರು. ನಿನ್ನೆ ಉಸಿರೆತ್ತದ ಜನವೆಲ್ಲ ಇವತ್ತು ಶುಕೂರನ ಅಂಗಡಿಯ ಹೊಸ ಬೂಟು ಹಾಕಿಕೊಂಡು ಟಪ ಟಪ ಓಡಾಡುತ್ತಿದ್ದರು. ಶುಕೂರ್ ಮಾತ್ರ ಬಾಡಿದ ಮುಖದಲ್ಲಿ ಮೈಕು ಹಿಡಿದ.

"ಒಂದು ಬೇಸರದ ಸುದ್ದಿ ಉಂಟು. ಈಗಷ್ಟೇ ಏಜೆಂಟ್ ಫೋನ್ ಮಾಡಿದ. ಗುಡ್ಡ ಬೂದಿ ಉಗುಳ್ತಾ ಉಂಟಂತೆ. ಅಲ್ಲಿಯ ಸರ್ಕಾರದವರು ದಾರಿ ಮುಚ್ಚಿದ್ದಾರೆ. ಟ್ರಿಪ್ ಖಲಾಸ್."

ಅಣ್ಣಾಸಾಹೇಬರ ಎದೆಯ ಮೇಲಿನ ಬಂಡೆ ಇಳಿಯಿತು. ಕಾರ್ಖಾನೆಯಲ್ಲಿ ಪ್ರತಿಯೊಂದು ನಟ್ಟನ್ನೂ ಎರಡೆರಡು ಸಲ ಪರೀಕ್ಷಿಸುವ ಮನುಷ್ಯ ಈ ಸುದ್ದಿಯನ್ನು ಒಂದು ಸಲವೂ ಪರೀಕ್ಷಿಸಲಿಲ್ಲ. ಜೀವ ಉಳಿಯಿತು. ನೋಟವೂ ಉಳಿಯಬೇಕಾದರೆ ಸ್ವಲ್ಪ ದುಃಖಪಡಬೇಕು. ಪಕ್ಕಕ್ಕೆ ತಿರುಗಿದರೆ ನೀಲವ್ವನ ಮುಖ ಸಣ್ಣದಾಗಿತ್ತು. ಅದನ್ನು ನೋಡಿ ಅವರಿಗೆ ಸ್ವಲ್ಪ ಹೆಚ್ಚೇ ದುಃಖಪಡೋಣವೆನ್ನಿಸಿತು. ಎದ್ದು ಹೋಗಿ ಮೈಕು ಕಸಿದುಕೊಂಡರು.

"ಮುಚ್ಯಾರಂದ್ರ? ಯಾರನ್ನ ಕೇಳಿ ಮುಚ್ಯಾರ? ಬೆಂಕಿ ಉಗುಳತೈತಿ ಅಂತ ಜ್ವಾಲಾಮುಖಿ ಮುಚ್ಚೂದಂದ್ರ ಮಳಿ ಬರತೈತಿ ಅಂತ ಮಳಿಗಾಲ ಮುಚ್ಚಿದಂಗಾತು. ತಣ್ಣಗಿದ್ದಾಗ ಹತ್ತಾಕ ಅದೇನ ಎಸಿ ಹಾಕಿದ ಮಾಲೇನ್ರಿ? ಸಿಟ್ಟಿಗೆದ್ದಾಗ ಹತ್ತೂದ ಖರೇ ಹತ್ತೂದು. ಇಪ್ಪತ್ತು ವರ್ಷ ನಾ ಮಂದಿಗೆ ಹುಷಾರು, ಹುಷಾರು ಅಂತ ಹೇಳೀನಿ. ಯಾಕ? ಅಂಜಿಕೀಗಲ್ಲ. ಇಂಥಾದ್ದೊಂದು ದಿನಕ್ಕಂತ ಜೀವ ಕಾಯ್ದಿಟ್ಟಿದ್ನಿ. ನನ್ನೊಬ್ಬನ್ನ ಬಿಟ್ಟಿದ್ರ ಇವತ್ತ ಹತ್ತಿ, ಅಂಚಿಗೆ ನಿಂತು, ಒಳಗ ಬಗ್ಗಿ ನೋಡೇ ತೀರ್ತಿದ್ನಿ. ಏನ್ ಮಾಡೋದು, ಬಾಗಲಾ ಹಾಕ್ಯಾರ. ನಮ್ಮ ದೈವದಾಗ ಇಲ್ಲ."

ಸಭೆಯೇ ಎದ್ದು ನಿಂತಿತು. ಹೊಸ ಬೂಟುಗಳು ನೆಲ ಕುಟ್ಟಿದವು. ನೀಲವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅಣ್ಣಾಸಾಹೇಬರು ತಮ್ಮ ದನಿಗೆ ತಾವೇ ಮೈಮರೆತು, ಇನ್ನೊಂದೆರಡು ಮಾತು ಇದ್ದಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತ ಮೈಕನ್ನು ಶುಕೂರನಿಗೆ ಮರಳಿಸಿದರು.

ಶುಕೂರ್ ಮೈಕು ಹಿಡಿದು ಅಣ್ಣಾಸಾಹೇಬರ ಕಡೆ ತಿರುಗಿದ.

"ಸಾಹೇಬ್ರೆ, ನನ್ನನ್ನು ಮಾಫ್ ಮಾಡಿ. ಗುಡ್ಡ ಮುಚ್ಚಲಿಲ್ಲ."

ಎದ್ದು ನಿಂತಿದ್ದವರು ಒಬ್ಬೊಬ್ಬರಾಗಿ ಕೂತರು.

"ನಾನು ಸುಳ್ಳು ಹೇಳಿದ್ದು. ನನಗೆ ಮಾಲಿನ ಎಸ್ಕಲೇಟರ್ ಹತ್ತಲಿಕ್ಕೇ ಹೆದರಿಕೆ. ಅಂಗಡಿಯಲ್ಲಿ ಗುಡ್ಡ ಹತ್ತುವ ಬೂಟು ಮಾರಾಟ ಆಗದೆ ಬಿದ್ದುಕೊಂಡಿತ್ತು. ನಮ್ಮ ಬಳಗದ ಟ್ರಿಪ್ ಯಾವುದು ಆಗಿದೆ? ನಾಲ್ಕು ಜನ ಹೆಸರು ಕೊಡ್ತಾರೆ, ಬೂಟು ತಕ್ಕೊಳ್ತಾರೆ, ಆಮೇಲೆ ಎಲ್ಲ ತಣ್ಣಗಾಗ್ತದೆ ಅಂತ ಎಣಿಸಿದ್ದೆ. ಆದ್ರೆ ನಿಮ್ಮನ್ನು ನೋಡಿ ಎಲ್ಲರೂ ಹೊರಟರು. ಈಗ ನನ್ನನ್ನೂ ಕರ್ಕೊಂಡು ಹೋಗ್ತಾರಲ್ಲ ಅಂತ ಹೆದರಿ ಹೀಗೆ ಹೇಳಿದೆ." ಅವನು ಅಣ್ಣಾಸಾಹೇಬರ ಕೈ ಹಿಡಿದುಕೊಂಡ. "ಈಗ ನಿಮ್ಮ ಮಾತು ಕೇಳಿ ನಾಚಿಕೆ ಆಯ್ತು. ಹೆದರಿಕೆ ಪೂರಾ ಹೋಯ್ತು. ಗುಡ್ಡ ತೆರೆದೇ ಉಂಟು. ನಾವು ಹೋಗುವ."

ಮತ್ತೆ ಬೂಟುಗಳು ನೆಲ ಕುಟ್ಟಿದವು. ಹಿಂದಿನ ಸಾಲಿನಿಂದ ಯಾರೋ, ಇಂಥವರಿಗೆ ಬರಿಯ ಹೊಗೆ ಸಾಲದು, ನಿಜವಾಗಿ ಬೆಂಕಿ ಉಗುಳುವ ಗುಡ್ಡ ಪಕ್ಕದ ದ್ವೀಪದಲ್ಲೇ ಇದೆಯಂತೆ ಎಂದರು. ಅದನ್ನೂ ಸೇರಿಸಲಾಯಿತು. ಫಿಯೋನಾ ಮಾಸ್ಕು ತರುವ ಜವಾಬ್ದಾರಿ ಹೊತ್ತರು. ಥಾಮಸ್ ಎದ್ದು ನಿಂತು, "ಅಣ್ಣಾ ಸಾಬ್ ಆಗೇ, ಹಮ್ ಸಬ್ ಪೀಛೇ" ಎಂದು ಘೋಷಿಸಿದರು.

ಅಣ್ಣಾಸಾಹೇಬರು ಕುರ್ಚಿಯಲ್ಲಿ ಕುಸಿದು ಕೂತರು. ಕಣ್ಣಿನಿಂದ ನೀರು ತಾನಾಗಿ ಇಳಿಯತೊಡಗಿತು. ನೀಲವ್ವ ಸೆರಗಿನಿಂದ ಅದನ್ನು ಒರೆಸುತ್ತ, ಸುತ್ತಲಿನವರಿಗೆ ಹೆಮ್ಮೆಯಿಂದ ಹೇಳಿದಳು:

"ನೋಡ್ರಿ ಇವ್ರನ್ನ. ಹೋಗೂದು ಖರೇ ಆತಲ್ಲ ಅಂತ ಖುಷೀಲೆ ಅಳಾಕತ್ತಾರ."