ಚೌಕದ ತೂತಿನಲ್ಲಿ ಗಣಿತದ ಮೇಷ್ಟ್ರು

"ಆಟ ಆಡಿಸೋದಕ್ಕೆಲ್ಲ ಪಾಠ ಅಂತ ಹೆಸರಿಡಬೇಡಮ್ಮ. ಒಂದೇ ಒಂದು ಬೆಳಗ್ಗೆ ನನ್ನ ಕೈಗೆ ಕೊಡು. ಈ ಚಿಳ್ಳೆಪಿಳ್ಳೆಗಳ ತಲೆಯಲ್ಲಿ ರೇಖಾಗಣಿತದ ಬುನಾದಿ ಹಾಕಿ, ಮೇಲೊಂದು ಮಹಡಿಯನ್ನೂ ಕಟ್ಟಿಬಿಡ್ತೀನಿ!"

ಹೀಗೆ ಗುಡುಗಿದವರು ನಿವೃತ್ತ ಗಣಿತದ ಮೇಷ್ಟ್ರು. ಗುಡುಗು ಎರಗಿದ್ದು ಸೊಸೆಯ ಮೇಲೆ. ಮನೆಯ ಹಜಾರದಲ್ಲೇ ಶಿಶುವಿಹಾರ ನಡೆಸುವ ಆಕೆಗೆ ಅಂದು ಗಂಟಲು ಕಟ್ಟಿತ್ತು. ಗಂಟಲು ಕಟ್ಟಿದವರು ಬೇಡ ಎಂದು ಕೂಗುವುದಾದರೂ ಹೇಗೆ? ಆಕೆ ಕೈ ಮುಗಿದಳು. ಮೇಷ್ಟ್ರು ಅದನ್ನು ಒಪ್ಪಿಗೆ ಎಂದುಕೊಂಡರು.

"ಮಾವ, ಎದುರು ಕಟ್ಟಡದ ಡಾಕ್ಟರಮ್ಮ ಇವತ್ತು ಮಗಳನ್ನ ಕರ್ಕೊಂಡು ನೋಡೋಕೆ ಬರ್ತಾರೆ," ಎಂದು ಆಕೆ ಪಿಸುಗುಟ್ಟಿದಳು. "ಆ ಮಗು ಎಲ್ಲಿಗೆ ಹೋದ್ರೂ ಅಮ್ಮನ ಸೊಂಟ ಬಿಟ್ಟು ಇಳಿಯಲ್ವಂತೆ, ಬಾಯೇ ಬಿಡಲ್ವಂತೆ. ಅದು ಇಲ್ಲಿ ಒಗ್ಗಿದ್ರೆ ಆ ಕಟ್ಟಡದ ಮಕ್ಕಳೆಲ್ಲ ಬರ್ತಾರೆ. ಇಲ್ಲಾಂದ್ರೆ ಈ ತಿಂಗಳಿಗೇ ನಮ್ಮ ಶಾಲೆ ಬಾಗಿಲು ಹಾಕಬೇಕು."

"ಬಾಯಿ ನಾನು ಬಿಡಿಸ್ತೀನಿ! ಎಂತೆಂಥ ಹತ್ತನೇ ಕ್ಲಾಸಿನವರ ಬಾಯಿ ಬಿಡಿಸಿದ್ದೀನಿ!"

"ಹೌದು, ಆಕಳಿಸೋದಕ್ಕೆ," ಎಂದರು ಅಡುಗೆಮನೆಯಿಂದ ಹೆಂಡತಿ.

ಮೇಷ್ಟ್ರು ಕೇಳಿಸದವರಂತೆ ಸೀಮೆಸುಣ್ಣ ಹಿಡಿದು ಕಪ್ಪುಹಲಗೆಯ ಮೇಲೊಂದು ಚುಕ್ಕಿ ಇಟ್ಟರು.

"ಮಕ್ಕಳೇ, ಇದು ಬಿಂದು. ಇದಕ್ಕೆ ಉದ್ದ ಇಲ್ಲ, ಅಗಲ ಇಲ್ಲ, ಎತ್ತರ ಇಲ್ಲ."

"ಅಯ್ಯೋ ಪಾಪ! ಅದು ಊಟ ಮಾಡಲ್ವಾ ಅಜ್ಜ?"

"ಇದು ರೇಖೆ. ಎರಡೂ ಕಡೆ ಕೊನೆಯೇ ಇಲ್ಲದೆ ಹೋಗ್ತಾ ಇರುತ್ತೆ."

"ಅದರಮ್ಮ ಬೈಯಲ್ವಾ?"

ಮೇಷ್ಟ್ರು ಹಲ್ಲು ಕಚ್ಚಿ ಸಮಾನಾಂತರ ರೇಖೆಗಳಿಗೆ ಬಂದರು. "ಇವೆರಡೂ ಎಷ್ಟು ದೂರ ಹೋದರೂ ಒಂದನ್ನೊಂದು ಸೇರೋದೇ ಇಲ್ಲ" ಎಂದದ್ದೇ ತಡ, ಒಬ್ಬಳು ಗೊಳೋ ಎಂದಳು. ಅವಳನ್ನು ನೋಡಿ ಇನ್ನೊಬ್ಬ, ಅವನನ್ನು ನೋಡಿ ಮಿಕ್ಕವರೆಲ್ಲ. "ಸೇರ್ಸಿ ಅಜ್ಜ, ಸೇರ್ಸಿ!" ಯಾವ ಅಧಿಕಾರಿಗೂ ಜಗ್ಗದ ಮೇಷ್ಟ್ರು ಒಂದು ರೇಖೆಯ ಬಾಲವನ್ನು ಬಗ್ಗಿಸಿ ಇನ್ನೊಂದಕ್ಕೆ ಅಂಟಿಸಿಬಿಟ್ಟರು. ಅಳು ನಿಂತಿತು. ಗಣಿತವೂ ಅಲ್ಲಿಗೇ ನಿಂತಿತು.

ಮಕ್ಕಳು ಎದ್ದು ತಮ್ಮ ಮಾಮೂಲಿ ಆಟಕ್ಕೆ ಓಡಿದವು. ಹಜಾರಕ್ಕೂ ಒಳಕೋಣೆಗೂ ನಡುವಿನ ಬಾಗಿಲಿಗೆ ಸೊಸೆ ಒಂದು ಪ್ಲೈವುಡ್ ಹಲಗೆ ಜಡಿಸಿದ್ದಳು. ಅದರ ಬುಡದಲ್ಲಿ ದುಂಡನೆಯದೊಂದು, ತ್ರಿಕೋನದ್ದೊಂದು, ಚೌಕದ್ದೊಂದು ತೂತು. ಆಕಾರದ ಹೆಸರು ಕೂಗಿ, ಅದರೊಳಗೆ ತೂರಿ ಆಚೆ ಹೋಗಬೇಕು. ಒಳಗೆ, ಹೊರಗೆ, ಈಚೆ, ಆಚೆ ಎಲ್ಲ ತಲೆಗಿಂತ ಮೊದಲು ಮೈಗೆ ಗೊತ್ತಾಗಬೇಕು ಎನ್ನುವುದು ಆಕೆಯ ಪದ್ಧತಿ.

"ಅಜ್ಜ, ನೀವೂ ತೂರಿ!"

"ಅಜ್ಜಂಗೆ ಆಗಲ್ಲ ಕಣೋ. ಹೊಟ್ಟೆ ನೋಡು!"

ಮಾನದ ಪ್ರಶ್ನೆ! ಮೇಷ್ಟ್ರು ಸ್ಕೇಲು ತಂದು ಚೌಕದ ಬಾಹುವನ್ನು ಅಳೆದರು. ತಮ್ಮ ನಡುವಿನ ಅಗಲವನ್ನೂ ಅಳೆದರು. "ಬಾಹು ದೊಡ್ಡದು, ಅಜ್ಜ ಚಿಕ್ಕವನು. ಆದ್ದರಿಂದ ಅಜ್ಜ ತೂರುತ್ತಾನೆ. ಸಾಧಿಸಬೇಕಾದುದೂ ಇದೇ!"

ಲೆಕ್ಕದಲ್ಲಿ ಕೂದಲೆಳೆಯ ತಪ್ಪೂ ಇರಲಿಲ್ಲ. ಆದರೆ ಅಳೆಯುವಾಗ ಮೇಷ್ಟ್ರು ಉಸಿರೆಳೆದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡಿದ್ದರು. ಮನುಷ್ಯ ಎಷ್ಟು ಹೊತ್ತು ಉಸಿರು ಹಿಡಿದಾನು? ಬೋರಲಾಗಿ ತೆವಳಿದರು. ಕೈ ಹೋಯಿತು, ತಲೆ ಹೋಯಿತು, ಭುಜವೂ ಓರೆಯಾಗಿ ನುಸುಳಿತು. ನಡು ತೂತಿಗೆ ಬಂದಾಗ ಉಸಿರು ಬಿಟ್ಟರು. ಅಷ್ಟೇ! ಬಾಟಲಿಗೆ ಬಿರಡೆ ಹಾಕಿದಂತಾಯಿತು.

"ಅಜ್ಜ ಒಳಗಿದ್ದಾರೆ!"

"ಇಲ್ಲ, ಹೊರಗಿದ್ದಾರೆ! ಕಾಲು ನೋಡು!"

"ಅರ್ಧ ಒಳಗೆ, ಅರ್ಧ ಹೊರಗೆ!" ಎಂದು ಮೂರನೆಯವಳು ತೀರ್ಪು ಕೊಟ್ಟಳು.

ಗಲಾಟೆ ಕೇಳಿ ಹೆಂಡತಿ ಅಡುಗೆಮನೆಯ ಕಡೆಯಿಂದ ಒಳಕೋಣೆಗೆ ಬಂದರು. "ಏನ್ರೀ ಇದು, ಬೇಟೆಗಾರರ ಗೋಡೆ ಮೇಲಿನ ಜಿಂಕೆ ತಲೆ ಥರ!"

"ಮೊದಲು ಬಡಗಿಯನ್ನ ಕರೆಸೇ!"

"ಕರೆಸ್ತೀನಿ. ಹಲಗೆ ಹೊಸದು. ಯಾವುದನ್ನ ಕೊಯ್ಸಿದ್ರೆ ನಷ್ಟ ಕಡಿಮೆ ಅಂತ ನೋಡ್ತಿದ್ದೀನಿ."

ಆಗಲೇ ಬಾಗಿಲ ಗಂಟೆ ಸದ್ದು ಮಾಡಿತು. ಸೊಂಟದಲ್ಲಿ ಮಗಳನ್ನು ಹೊತ್ತ ಡಾಕ್ಟರಮ್ಮ ಹಜಾರಕ್ಕೆ ಬಂದರು. ಅವರನ್ನು ಎದುರುಗೊಂಡದ್ದು ಮೇಷ್ಟ್ರ ಹಿಂಭಾಗ. "ನಮಸ್ಕಾರ!" ಎನ್ನುವ ಮುಂಭಾಗ ಒಳಕೋಣೆಯಲ್ಲಿತ್ತು.

"ಇವರು... ನಮ್ಮ ಮಾವ," ಎಂದಳು ಸೊಸೆ. ಆ ಪಿಸುಮಾತು ನಡುಗಿದ್ದು ಹಲಗೆಯಾಚೆಗೂ ಕೇಳಿಸಿತು. ಮೇಷ್ಟ್ರಿಗೆ ನಡುವಿನ ನೋವು ಮರೆತೇ ಹೋಯಿತು. ಹುಡುಗಿ ಹಗಲಿರುಳು ದುಡಿದು ಕಟ್ಟಿದ ಶಾಲೆಯನ್ನು ತನ್ನ ಹೊಟ್ಟೆ ಮುಚ್ಚಿಸಿತಲ್ಲ!

ಹಜಾರದಲ್ಲಿ ಮಗು ಮೆಲ್ಲಗೆ ಅಮ್ಮನ ಸೊಂಟದಿಂದ ಜಾರಿತು. ನೆಲದ ಮೇಲೆ ಅಂಥದೇ ತೂತುಗಳಿದ್ದ ಆಟದ ಪೆಟ್ಟಿಗೆ ಇತ್ತು. ಮಗು ಒಂದು ಚಪ್ಪಟೆ ಮರದ ತುಂಡನ್ನು ಎತ್ತಿ ಚೌಕದ ತೂತಿಗೆ ತುರುಕಿತು. ಹೋಗಲಿಲ್ಲ. ಓರೆಯಾಗಿ ತಿರುಗಿಸಿತು. ಟಣ್! ಒಳಗೆ ಬಿತ್ತು. ಮಗು ಪೆಟ್ಟಿಗೆಯನ್ನು ನೋಡಿತು, ಮೇಷ್ಟ್ರನ್ನು ನೋಡಿತು, ನಡೆದುಬಂದು ಅವರ ಸೊಂಟ ತಟ್ಟಿತು.

"ಅಜ್ಜ, ಮೂಲೆಗೆ ತಿರುಗಿ."

ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

"ಏನಂದೆ ಪುಟ್ಟಿ?" ಎಂದಿತು ಆಚೆಯ ತಲೆ.

"ಮೂಲೆಯಿಂದ ಮೂಲೆಗೆ! ಅಲ್ಲಿ ಜಾಗ ಜಾಸ್ತಿ ಇದೆ!"

ಕರ್ಣ! ಚೌಕದ ಕರ್ಣ ಅದರ ಬಾಹುವಿಗಿಂತ ಉದ್ದ! ಜೀವಮಾನವೆಲ್ಲ ಇದನ್ನೇ ಬರೆದು, ಬರೆಸಿ, ಉರು ಹೊಡೆಸಿದ ಮೇಷ್ಟ್ರಿಗೆ ಚೌಕದೊಳಗೆ ಸಿಕ್ಕಿಕೊಂಡಾಗ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ನೆನಪಾಗಿತ್ತು! ಮೈಯನ್ನು ಓರೆಗೆ ತಿರುಗಿಸಿದರು. ಮಕ್ಕಳೆಲ್ಲ ಸೇರಿ ಹಿಂದಿನಿಂದ ನೂಕಿದವು. ಮೇಷ್ಟ್ರು ದೊಪ್ಪನೆ ಹೆಂಡತಿಯ ಪಾದದ ಬಳಿ ಬಿದ್ದರು.

ಎದ್ದು, ಅಡುಗೆಮನೆ ಸುತ್ತಿ ಹಜಾರಕ್ಕೆ ಬಂದವರೇ ಮಗುವಿನ ಮುಂದೆ ಮಂಡಿಯೂರಿದರು. "ಬದುಕಿಸಿದೆ, ನನ್ನ ತಾಯಿ!" ಆಮೇಲೆ ಸೊಸೆಯ ಕಡೆ ತಿರುಗಿದರು. "ನಿನ್ನ ಆಟಕ್ಕೆ ಪಾಠ ಅಂತ ಧಾರಾಳವಾಗಿ ಹೆಸರಿಡಮ್ಮ. ಅದು ಇಲ್ಲದಿದ್ರೆ ನಾನಿನ್ನೂ ಬಾಗಿಲಲ್ಲೇ ಇರ್ತಿದ್ದೆ." ಸೊಸೆ ಕಣ್ಣೊರೆಸಿಕೊಂಡು ನಕ್ಕಳು.

"ಎಷ್ಟೋ ಕಡೆ ನೋಡಿದೆ," ಎಂದರು ಡಾಕ್ಟರಮ್ಮ. "ನನ್ನ ಮಗಳು ಹೊರಗಿನವರ ಹತ್ರ ಮಾತಾಡಿದ್ದು ಇದೇ ಮೊದಲು. ನಾಳೆಯಿಂದಲೇ ಕಳಿಸ್ತೀನಿ."

ಮೇಷ್ಟ್ರ ಎದೆ ಉಬ್ಬಿತು. "ನೋಡಿ, ಬೋಧನೆಯಲ್ಲಿ ನನ್ನ ಅನುಭವ..."

ಡಾಕ್ಟರಮ್ಮ ಸೊಸೆಯತ್ತ ತಿರುಗಿದರು. "ಒಂದು ಕೇಳ್ಬೇಕಿತ್ತು. ಈ ಪಾಠೋಪಕರಣ ದಿನಾ ಇರುತ್ತಾ?"

"ಇರುತ್ತೆ!" ದುಂಡನೆ ತೂತಿನಿಂದ ಹೆಂಡತಿಯ ಮುಖ ಇಣುಕಿತು. "ಸ್ವಲ್ಪ ಹಳೇದು, ಆದ್ರೆ ಗಟ್ಟಿ. ನಾಳೆ ಇದರೊಳಗೂ ಹಾಕಿ ತೋರಿಸಬಹುದು!"

ಮಾರನೆಯ ಬೆಳಗ್ಗೆ ಮೇಷ್ಟ್ರು ಎಲ್ಲರಿಗಿಂತ ಮೊದಲೇ ಹಜಾರಕ್ಕೆ ಬಂದು, ಆಟದ ಪೆಟ್ಟಿಗೆಯ ಪಕ್ಕದಲ್ಲಿ, ಉಪಕರಣಗಳ ಸಾಲಿನಲ್ಲೇ ಬೆನ್ನು ನೆಟ್ಟಗೆ ಮಾಡಿ ಕೂತರು. ದುಂಡನೆ ತೂತಿಗೆ ಮೂಲೆಯೇ ಇಲ್ಲವಲ್ಲ, ತಿಂಡಿಯನ್ನು ಮಾತ್ರ ಅರ್ಧಕ್ಕೇ ಬಿಟ್ಟು ಬಂದಿದ್ದರು.