ಕಾಲೊರಸಿನ ಗೋಧಿ

ಅಂಚೆ ಗುಮಾಸ್ತರು ಭಾನುವಾರ ಬೆಳಿಗ್ಗೆ ಮನೆಯ ಹೊಸ ಕಾಲೊರಸನ್ನು ಕತ್ತರಿಸಿದ್ದಕ್ಕೆ ಕಾರಣ ಯುದ್ಧ. ಯುದ್ಧವೆಂದರೆ, ವಾರಕ್ಕೊಮ್ಮೆ ಔಷಧಿ ಅಂಗಡಿಯವರ ಮನೆಯ ಮೇಜಿನ ಮೇಲೆ ನಡೆಯುವ, ಹೆಬ್ಬೆರಳುದ್ದದ ಬೊಂಬೆ ಸೈನಿಕರ ಆಟ. ಎಂಟು ತಿಂಗಳಿಂದ ಗುಮಾಸ್ತರು ಸೋಲುತ್ತಲೇ ಇದ್ದರು. ಅವರ ಸೈನಿಕರಿಗೆ ಅಡಗಲು ಬಯಲಿನಲ್ಲಿ ಒಂದು ಪೊದೆಯೂ ಇರಲಿಲ್ಲ. ಬೆಳೆದು ನಿಂತ ಹೊಲವಿದ್ದರೆ ಅದರೊಳಗೆ ಕೂತವರಿಗೆ ಗುಂಡು ತಾಗುವುದಿಲ್ಲ ಎಂಬುದು ಆಟದ ನಿಯಮ.

ನಾರಿನ ಕಾಲೊರಸು ನಿಂತ ಪೈರಿನ ಹಾಗೇ ಇತ್ತು. ನಾಲ್ಕು ತುಂಡು ಮಾಡಿ, ನಡುನಡುವೆ ಸಾಲು ಬಿಡಿಸಿ, ತುದಿಗೆ ಹಳದಿ ಬಣ್ಣ ಸವರಿದರು. ಮಧ್ಯಾಹ್ನದ ಹೊತ್ತಿಗೆ ಬೆನ್ನು ಬಿಲ್ಲಾಗಿತ್ತು. ಹೊಲ ಮಾತ್ರ ಗಾಳಿ ಬಂದರೆ ತೂಗುವಂತಿತ್ತು.

ಅಷ್ಟರಲ್ಲಿ ಅಕ್ಕನ ಮನೆಯಿಂದ ಮರಳಿದ ಹೆಂಡತಿ, ಕಾಲೊರಸೆಲ್ಲಿ ಎಂದು ಬಾಗಿಲಲ್ಲೇ ನಿಂತರು. "ಯಾರೋ ಎತ್ಕೊಂಡು ಹೋಗಿರ್ಬೇಕು" ಎಂಬ ಮಾತು ಗುಮಾಸ್ತರ ಬಾಯಿಂದ ಜಾರಿತು. ಎದುರುಮನೆಯ ನಿವೃತ್ತ ಇನ್ಸ್‌ಪೆಕ್ಟರಿಗೆ ಅದು ಕೇಳಿಸಿತು. ನಿವೃತ್ತರಾದ ಮೇಲೆ ಸಿಕ್ಕ ಮೊದಲ ಕೇಸು. ಪಾತ್ರೆ ಸದ್ದಿಗೆ ಬೆಕ್ಕು ಎದ್ದ ಹಾಗೆ ಎದ್ದು ಬಂದರು. ಅರ್ಧ ಗಂಟೆಯಲ್ಲಿ ಇಡೀ ಕಟ್ಟಡ ಮೆಟ್ಟಿಲ ಮೇಲೆ ನೆರೆಯಿತು. ಅನುಮಾನ ಅಲ್ಲಿಂದಿಲ್ಲಿಗೆ ಅಲೆದು, ಕಡೆಗೆ ಮೆಟ್ಟಿಲು ಗುಡಿಸುವ ಮುದುಕಿಯ ಮೇಲೆ ಕೂತಿತು. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದೂ ಆಯಿತು. ಆಕೆ ಪೊರಕೆಯನ್ನು ಗೋಡೆಗೊರಗಿಸಿ ಕೂತಳು.

ಗುಮಾಸ್ತರಿಗೆ ತಡೆಯಲಾಗಲಿಲ್ಲ. "ಅಜ್ಜಿ ಕದ್ದಿಲ್ಲ. ಕತ್ತರಿಸಿದ್ದು ನಾನೇ," ಎಂದು ಹೊಲವನ್ನು ತಂದು ಎಲ್ಲರ ಮುಂದಿಟ್ಟರು.

ಯಾರೂ ನಂಬಲಿಲ್ಲ. ಇನ್ಸ್‌ಪೆಕ್ಟರು ಕನ್ನಡಕ ಏರಿಸಿದರು. "ನಿಮ್ಮ ಮನಸ್ಸು ದೊಡ್ಡದು ಸ್ವಾಮಿ. ಆದ್ರೆ ಇದು ಕಾಲೊರಸಲ್ಲ, ಗೋಧಿ. ನಮ್ಮಪ್ಪ ಬೆಳೀತಿದ್ರು, ನಂಗೊತ್ತಿಲ್ವಾ?"

ಎಂಟು ತಿಂಗಳಲ್ಲಿ ಸಿಕ್ಕ ಮೊದಲ ಹೊಗಳಿಕೆ, ಸವಿಯುವ ಹಾಗಿರಲಿಲ್ಲ.

"ಕಿತ್ತು ನೋಡಿ," ಎಂದರು ಗುಮಾಸ್ತರು, ಸುಸ್ತಾಗಿ.

ಇನ್ಸ್‌ಪೆಕ್ಟರು ಒಂದು ಎಳೆ ಕಿತ್ತು ಮೂಸಿದರು. ಮೇಲಿನ ಮನೆಯ ಟೀಚರಮ್ಮ ಎರಡು ಕಿತ್ತರು. ಒಬ್ಬರ ಕಣ್ಣನ್ನು ಇನ್ನೊಬ್ಬರು ನಂಬದೆ ಇಪ್ಪತ್ತು ಜನ ಹಿಡಿಹಿಡಿಯಾಗಿ ಕಿತ್ತು, ಕಡ್ಡಿ ಗೀರಿ ಸುಟ್ಟು ನೋಡಿ, ಕಡೆಗೆ ನಾರೇ ಹೌದೆಂದು ಒಪ್ಪಿದರು. ಮುದುಕಿಯ ಕೆಲಸ ಉಳಿಯಿತು. ಆಕೆ ಎದ್ದು, ಮೆಟ್ಟಿಲ ಮೇಲೆ ಚೆಲ್ಲಿದ್ದ ಗೋಧಿಯನ್ನೆಲ್ಲ ಗುಡಿಸಿದಳು.

ಉಳಿದದ್ದನ್ನು ಚೀಲಕ್ಕೆ ಹಾಕಿಕೊಂಡು ಗುಮಾಸ್ತರು ಯುದ್ಧಕ್ಕೆ ಹೊರಟರು. ಹೆಂಡತಿ ಮಾತು ಬಿಟ್ಟಿದ್ದರಿಂದ, ಮನೆಯಲ್ಲಿರುವುದಕ್ಕಿಂತ ಸೋಲುವುದೇ ಮೇಲೆನಿಸಿತ್ತು.

ಔಷಧಿ ಅಂಗಡಿಯವರು ಹೊಲವನ್ನು ಮೇಜಿನ ಮೇಲಿಟ್ಟು, ಬಗ್ಗಿ, ಬಹಳ ಹೊತ್ತು ನೋಡಿದರು.

"ಏನ್ ಕೆಲಸ ಸಾರ್ ಇದು. ಕೊಯ್ಲಾದ ಹೊಲಾನ ಇಷ್ಟು ನಿಜವಾಗಿ ಮಾಡಿದವರನ್ನ ನಾನು ನೋಡೇ ಇಲ್ಲ."

ಆಮೇಲೆ ನಿಯಮದ ಪುಸ್ತಕ ತೆರೆದರು. "ಕೊಯ್ಲಾದ ಹೊಲದಲ್ಲಿ ಅಡಗೋ ಹಾಗಿಲ್ಲ. ಅದೂ ಅಲ್ದೆ ಕೂಳೆ ಕಾಲಿಗೆ ಚುಚ್ಚುತ್ತೆ. ನಿಮ್ಮವರು ಅರ್ಧ ವೇಗದಲ್ಲಿ ನಡೀಬೇಕು."

ಯುದ್ಧ ಆರಕ್ಕೆ ಶುರುವಾಯಿತು. ಆರೂಕಾಲಿಗೆ ಗುಮಾಸ್ತರು ತಮ್ಮ ಸೈನಿಕರನ್ನು ಡಬ್ಬಿಗೆ ತುಂಬುತ್ತಿದ್ದರು.