ಮಾವನವರ ಕಿಟಕಿಯಲ್ಲಿ ಹೂದಾನಿ

ಗೃಹಾಲಂಕಾರ ಸಲಹೆಗಾರರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದು, ಈ ಹೊತ್ತಿಗೆ ಇನ್ಯಾರದೋ ಹಾಲಿನಲ್ಲಿ ಅರೆಗಣ್ಣು ಮುಚ್ಚಿ ನಿಂತು "ಇಲ್ಲಿ ಏನೋ ಜಾಸ್ತಿಯಾಗಿದೆ" ಎನ್ನುತ್ತಿರುವಿರೆಂದು ನಂಬಿ, ಕೈ ಜೋಡಿಸಿ, ಆಮೇಲೆ ಬಿಡಿಸಿಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ನಾವು ಕೇಳಿದ್ದು ಮೇಜಿನ ಮೇಲಿಡಲು ಒಂದು ಪಿಂಗಾಣಿ ಹೂದಾನಿ. ತಾವು ದೊಡ್ಡ ಮನಸ್ಸು ಮಾಡಿ, ಬೆಸ ಸಂಖ್ಯೆಯೇ ಚೆಂದವೆಂದು ಮೂರು ಕೊಡಿಸಿದಿರಿ. ಅವುಗಳಲ್ಲಿ ದೊಡ್ಡದು ನನ್ನ ಸೊಂಟದೆತ್ತರವಿದ್ದರೂ ಅದರ ಬಾಯಿ ಒಂದು ಗುಲಾಬಿಯ ಕಡ್ಡಿಯೂ ತೂರದಷ್ಟು ಕಿರಿದು. ಹೂವನ್ನು ಎಲ್ಲಿಡಲಿ ಎಂದು ಕೇಳಿದ್ದಕ್ಕೆ "ಹೂ ಇಟ್ರೆ ಆಕಾರ ಕಾಣಲ್ಲ ಮೇಡಂ" ಎಂದಿರಿ. ಹೂದಾನಿಗೆ ಹೂವೇ ಶತ್ರುವೆಂಬ ಜ್ಞಾನೋದಯ ನನಗಾದದ್ದು ತಮ್ಮಿಂದಲೇ.

ಬೆಳಕು ಆ ಬಿಳಿ ಹೂದಾನಿಯ ಮೇಲೇ ಬೀಳಬೇಕೆಂದು ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯನ್ನು ತೆಗೆಸಿ, ಮನೆಯೊಳಗೆ ಹಿಂಭಾಗದ ಓಣಿಗೆ ಹಾಕಿಸಿದಿರಿ. ಅದು ನಮ್ಮ ಮಾವನವರದು. ಬಸ್ ಓಡಿಸಿ ನಿವೃತ್ತರಾದ ಅವರು ಅಲ್ಲಿ ಕುಳಿತು ಬೀದಿಯ ಗಾಡಿಯವರನ್ನೆಲ್ಲ ಬೈದು, ಗುರುತಿನವರನ್ನು ಮಾತಾಡಿಸಿ ದಿನ ಕಳೆಯುತ್ತಿದ್ದರು. ಅವರ ಕುರ್ಚಿ ಪರದೆಗೆ ಹೊಂದುವುದಿಲ್ಲವೆಂದು ತಾವು ತೀರ್ಪು ಕೊಟ್ಟ ಮೇಲೆ ಅವರು ಆ ಓಣಿಗೆ ಹೋಗಿ ಗೋಡೆ ನೋಡುತ್ತಾ ಕುಳಿತರು. ಮನೆ ಎಷ್ಟು ಶಾಂತವಾಯಿತೆಂದರೆ, ನನ್ನ ಯಜಮಾನರು ಅದನ್ನೂ ಸಲಹೆಗಾರರಾದ ತಮ್ಮ ಕೈಚಳಕವೆಂದೇ ಹೊಗಳಿದರು. ನಾನೂ ತಲೆಯಾಡಿಸಿದೆ.

ಮೊನ್ನೆ ಇಸ್ತ್ರಿಯವನು ಬಟ್ಟೆ ಕೊಡಲು ಬಂದು ಬಾಗಿಲಲ್ಲಿ ಕೇಳಿದ: "ದೊಡ್ಡ ಯಜಮಾನ್ರು ಊರಲ್ಲಿಲ್ವಾ ಅಮ್ಮಾ? ಕಿಟಕೀಲಿ ಯಾರೋ ಬೆಳ್ಳಗಿರೋರು ಕೂತಿದಾರಲ್ಲ, ನಮಸ್ಕಾರ ಮಾಡಿದ್ರೂ ಮಾತಾಡಲ್ಲ."

ಓಣಿಯಿಂದ ಮಾವನವರ ದನಿ ಬಂತು: "ಇರ್ಲಿ ಬಿಡಪ್ಪ, ನನಗಿಂತ ವಾಸಿ. ಕೆಮ್ಮಲ್ಲ."

ಇಸ್ತ್ರಿಯವನು ನಕ್ಕ. ನನಗೆ ನಗು ಬರಲಿಲ್ಲ. ಬಟ್ಟೆಯ ಗಂಟನ್ನು ಅಲ್ಲೇ ಬಿಟ್ಟು ತಮ್ಮ ದೊಡ್ಡ ಹೂದಾನಿಯನ್ನು ತಬ್ಬಿ ಎತ್ತಿದೆ. "ಹುಷಾರು, ಒಡೆದೀತು!" ಎಂದು ಯಜಮಾನರು ಕೂಗಿಕೊಂಡರು. "ಅಪ್ಪನ ಕುರ್ಚಿ ಎತ್ತುವಾಗ ಈ ಹುಷಾರು ಎಲ್ಲಿ ಹೋಗಿತ್ತು?" ಎಂದೆ. ಅವರು ತಾವೇ ಓಣಿಗೆ ಹೋಗಿ ಅಪ್ಪನ ಕೈ ಹಿಡಿದು ಎಬ್ಬಿಸಿ, ಕುರ್ಚಿಯನ್ನು ಹೊತ್ತು ತಂದರು.

ಈಗ ಓಣಿಯಲ್ಲಿ ಗೋಡೆ ನೋಡುವ ಕೆಲಸ ಹೂದಾನಿಯದು. ಬಹಳ ನಿಷ್ಠೆಯಿಂದ ಮಾಡುತ್ತಿದೆ.

ತಮ್ಮಲ್ಲಿ ಒಂದೇ ಪ್ರಾರ್ಥನೆ: ದಾರಿಹೋಕರನ್ನು ಕೂಗಿ ಕರೆಯುವ, ಸಕ್ಕರೆ ಕಡಿಮೆಯೆಂದು ಚಹಾ ವಾಪಸ್ ಕಳಿಸುವ, ಸೊಸೆಗೆ ಹುಷಾರಿಲ್ಲದಿದ್ದರೆ ಮೊದಲು ಗಮನಿಸುವ ಹೂದಾನಿ ಅಂಗಡಿಗೆ ಬಂದರೆ ತಿಳಿಸಿ. ಬಣ್ಣ ಯಾವುದಾದರೂ ಆದೀತು.

ತಮ್ಮ ಅಭಿರುಚಿಯ ಮುಂದೆ ಕುರ್ಚಿ ಕಳೆದುಕೊಂಡೂ ಬದುಕುಳಿದ ಕುಟುಂಬದ ಪರವಾಗಿ,
ತಮ್ಮ ವಿಶ್ವಾಸಿ ಗಿರಾಕಿ

ತಾ.ಕ.: ನನ್ನ ವಾರಗಿತ್ತಿ ತಮ್ಮ ಫೋನ್ ನಂಬರ್ ಕೇಳಿದರು. ಕೇಳಿದ ತಕ್ಷಣ ಸಂತೋಷದಿಂದ ಕೊಟ್ಟೆ. ನನಗೂ ಅವರಿಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ.